'ಎಲ್ಲಾ ಫೋಟೋಶಾಪ್' ಅನ್ನೋ ಜಾಣರಿಗೆ

2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ನಮ್ಮ ಆಫೀಸಿನ ವಾಟ್ಸ್ಯಾಪ್ ಗ್ರೂಪಿಗೆ ಯಾರೋ ಕರೀನಾ ನೀಹಾರಿಕೆಯ ಫೋಟೋ ಹಾಕಿದರು. ಎರಡೇ ನಿಮಿಷಕ್ಕೆ ಒಬ್ಬ ಜಾಣ ಬರೆದ: "ಫೇಕ್ ಕಲರ್ ಗುರೂ, ಎಲ್ಲಾ ಫೋಟೋಶಾಪ್." ಆ ಜಾಣ ನಾನೇ. ಥಮ್ಸ್ ಅಪ್ ಮೇಲೆ ಥಮ್ಸ್ ಅಪ್ ಬಿತ್ತು. ಊರಿಗೆ ಹೋದಾಗಲೂ ಇದನ್ನೇ ಹೇಳಿ ಮೆರೆದೆ.

ಇದು ನಮ್ಮ ತಲೆಮಾರಿನ ರೋಗ. ಅರ್ಧ ಸತ್ಯ ತಿಳಿದರೆ ಸಾಕು, ಬೆರಗಾಗೋದು ಬಿಟ್ಟು ಬೆರಗಾದವರನ್ನ ನೋಡಿ ನಗ್ತೀವಿ.

ಪೂರ್ತಿ ಸತ್ಯ ಕೇಳಿ. ವೆಬ್ ಹೆಚ್ಚಾಗಿ ನೋಡೋದು ಇನ್‌ಫ್ರಾರೆಡ್ ಬೆಳಕನ್ನ. ಅದು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಹಾಗಾಗಿ ಒಂದೊಂದು ಫಿಲ್ಟರಿನಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಕ್ಕೆ ಒಂದೊಂದು ಬಣ್ಣ ಕೊಡ್ತಾರೆ. ಉದ್ದ ತರಂಗಾಂತರಕ್ಕೆ ಕೆಂಪು, ಗಿಡ್ಡದಕ್ಕೆ ನೀಲಿ, ಕಾಮನಬಿಲ್ಲಿನದೇ ಕ್ರಮ. 1995ರಲ್ಲಿ ಹಬಲ್ ತೆಗೆದ 'ಸೃಷ್ಟಿಯ ಸ್ತಂಭಗಳು' ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ. ಗಂಧಕ, ಜಲಜನಕ ಎರಡರ ಆ ಬೆಳಕೂ ಕಣ್ಣಿಗೆ ಕೆಂಪೇ. ಹಾಗೇ ಬಿಟ್ಟಿದ್ದರೆ ಯಾವುದು ಎಲ್ಲಿದೆ ಅಂತ ಯಾರಿಗೂ ತಿಳೀತಿರಲಿಲ್ಲ. ಕಾಂಟ್ರಾಸ್ಟ್ ಏರಿಸ್ತಾರೆ, ಚೆಂದ ಕಾಣಲಿ ಅಂತ ಕ್ರಾಪ್ ಮಾಡ್ತಾರೆ, ಒಪ್ಪಿದೆ. ಆದರೆ ಯಾವ ಫಿಲ್ಟರಿಗೆ ಯಾವ ಬಣ್ಣ ಅಂತ ನಾಸಾದವರೇ ಬರೆದು ಹಾಕಿದ್ದಾರೆ. ಮೂಲ ಡೇಟಾ ಕೂಡ ಸಾರ್ವಜನಿಕ ಆರ್ಕೈವಿನಲ್ಲಿದೆ. ನಾವು ಓದಲಿಲ್ಲ, ಅಷ್ಟೇ.

ಡ್ಯಾಶ್‌ಬೋರ್ಡಿನಲ್ಲಿ ಸರ್ವರ್ ಕೆಂಪಾದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತೀವಲ್ಲ, ಸರ್ವರ್ ನಿಜವಾಗಿ ಕೆಂಪಾಗಿರುತ್ತಾ? "ಫೇಕ್ ಕಲರ್" ಅಂತ ಮಗ್ಗುಲು ಬದಲಿಸಿ ಮಲಗಿ ನೋಡೋಣ! ಸೆಲ್ಫಿಯ ಬ್ಯೂಟಿ ಫಿಲ್ಟರ್ ಇರೋ ಮೊಡವೆಯನ್ನ ಮುಚ್ಚಿಡುತ್ತೆ, ಅದಕ್ಕೆ ಯಾರೂ ತಕರಾರು ಎತ್ತಲ್ಲ. ಕಾಣದ್ದನ್ನ ಕಾಣಿಸೋ ಬಣ್ಣಕ್ಕೆ ಮಾತ್ರ ನಮ್ಮ ಅನುಮಾನ.

ಇಷ್ಟು ಸಿಟ್ಟು ಯಾಕೆ ಅಂದರೆ, ಕಳೆದ ಸಂಕ್ರಾಂತಿಗೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಕರೆಂಟು ಹೋಗಿತ್ತು. ಅಂಗಳದಲ್ಲಿ ನಿಂತು ಅಕ್ಕನ ಮಗಳಿಗೆ ಒರಾಯನ್ ನಕ್ಷತ್ರಪುಂಜದ ಮೂರು ಚುಕ್ಕಿ ಸಾಲು ತೋರಿಸಿದೆ. ಮೃಗಶಿರ ಮಳೆ ಅಂತೀವಲ್ಲ, ಆ ಮೃಗಶಿರ ಇರೋದೂ ಅಲ್ಲೇ. ಸಾಲಿನ ಕೆಳಗೆ ಮಸುಕಾಗಿ ಕಾಣೋದು ಒರಾಯನ್ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರ, ಅಲ್ಲಿ ನಕ್ಷತ್ರಗಳು ಹುಟ್ತವೆ ಅಂದೆ. ಮೊಬೈಲಿನಲ್ಲಿ ಅದರ ಹಬಲ್ ಚಿತ್ರ ತೆಗೆದು ಕೊಟ್ಟೆ. ಒಂಬತ್ತು ವರ್ಷದ ಹುಡುಗಿ ಮೇಲೆ ನೋಡಿದಳು, ಮೊಬೈಲ್ ನೋಡಿದಳು.

"ಇದೆಲ್ಲಾ ಫೋಟೋಶಾಪ್ ಅಂತ ನೀನೇ ಹೇಳಿದ್ಯಲ್ಲ ಮಾವ," ಅಂದು ಒಳಗೆ ಹೋದಳು.

ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯಲ್ಲ ಕಣೇ, ಬಡತನ ಆಕಾಶದ್ದಲ್ಲ, ನಮ್ಮ ಕಣ್ಣಿಂದು ಅಂತ ಹೇಳೋಣ ಅಂದರೆ ಅವಳು ಅಲ್ಲಿರಲಿಲ್ಲ.

ಗ್ರೂಪಿನ ಆ ಮೆಸೇಜನ್ನ ಈಗ ಡಿಲೀಟ್ ಮಾಡೋಕೂ ಆಗಲ್ಲ. ನೀವಾದರೂ ಮುಂದಿನ ಸಲ ಟೈಪ್ ಮಾಡೋ ಮುಂಚೆ ಚಿತ್ರದ ಕೆಳಗಿನ ನಾಲ್ಕು ಸಾಲು ಓದಿ. ಪಕ್ಕದಲ್ಲಿ ಮಕ್ಕಳಿದ್ದರಂತೂ ಎರಡು ಸಲ ಓದಿ.