ಕೊನೆಯ ಪುಟದಲ್ಲಿಯೂ ವಾಸಿಯಾಗದ ಹುಡುಗಿ

ಮನೋರೋಗವನ್ನು ಕಥಾವಸ್ತುವಾಗಿಸುವವರು ಸಾಮಾನ್ಯವಾಗಿ ಎರಡು ಸುಳ್ಳುಗಳಲ್ಲಿ ಒಂದನ್ನು ಹೇಳುತ್ತಾರೆ. ರೋಗಿಯನ್ನು ಅಪಾಯಕಾರಿ ಹುಚ್ಚನಂತೆ ಚಿತ್ರಿಸುವುದು ಹಳೆಯ ಸುಳ್ಳು. ರೋಗವನ್ನೇ ಪ್ರತಿಭೆಯೆಂದು ಮಾರುವುದು ಹೊಸದು. 2002ರಿಂದ 2009ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಮಾಂಕ್' ಧಾರಾವಾಹಿಯ ಪತ್ತೇದಾರನಿಗೆ ಗೀಳು ರೋಗವಿತ್ತು. ಸಣ್ಣ ವಿವರವನ್ನೂ ಬಿಡದ ಆ ಗೀಳೇ ಅವನಿಗೆ ಕೊಲೆಗಾರರನ್ನು ಹಿಡಿದುಕೊಡುತ್ತಿತ್ತು! ಪ್ರೇಕ್ಷಕರು ನಕ್ಕರು, ಮೆಚ್ಚಿದರು. ಆದರೆ ಈ ರೋಗ ಹೊಕ್ಕ ಮನೆಗಳಲ್ಲಿ ನಗುವಂಥದ್ದು ಏನಿದೆ?

ಹದಿಹರೆಯದವರಿಗಾಗಿ ಬರೆಯುವ ಅಮೆರಿಕದ ಕಾದಂಬರಿಕಾರ ಜಾನ್ ಗ್ರೀನ್ ಈ ಪ್ರಶ್ನೆಯನ್ನು ಹೊರಗೆ ನಿಂತು ಕೇಳಿದವರಲ್ಲ. ಚಿಕ್ಕಂದಿನಿಂದಲೂ ತಮಗೆ ಗೀಳು ರೋಗವಿರುವುದನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. 2017ರಲ್ಲಿ ಪ್ರಕಟವಾದ ಅವರ 'ಟರ್ಟಲ್ಸ್ ಆಲ್ ದಿ ವೇ ಡೌನ್' ಕಾದಂಬರಿಯ ನಾಯಕಿ ಅಜಾ ಹೋಮ್ಸ್‌ಗೆ ಹದಿನಾರು ವರ್ಷ. ಒಬ್ಬ ಕೋಟ್ಯಧೀಶ ಕಾಣೆಯಾಗಿದ್ದಾನೆ, ಸುಳಿವು ಕೊಟ್ಟವರಿಗೆ ಒಂದು ಲಕ್ಷ ಡಾಲರ್ ಬಹುಮಾನವಿದೆ. ಇನ್ನೇನು, ಗೀಳಿನ ಹುಡುಗಿ ಚತುರ ಪತ್ತೇದಾರಳಾಗುತ್ತಾಳೆ ಎಂದು ಓದುಗ ನಿರೀಕ್ಷಿಸುತ್ತಾನೆ. ಹಾಗಾಗುವುದಿಲ್ಲ. ಅವಳ ಮನಸ್ಸು ಪತ್ತೇದಾರಿಕೆಗೆ ಬಿಡುವಾಗುವುದೇ ಇಲ್ಲ. ಕರುಳಿನ ಒಂದು ಬ್ಯಾಕ್ಟೀರಿಯಾ ತನ್ನನ್ನು ಕೊಲ್ಲಬಹುದೆಂಬ ಭಯದಲ್ಲಿ ಅವಳು ಬೆರಳಿನ ಗಾಯವನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಾಳೆ, ತೊಳೆಯುತ್ತಾಳೆ, ಹೊಸ ಪಟ್ಟಿ ಹಚ್ಚುತ್ತಾಳೆ. ಕ್ಷಣಕಾಲ ನೆಮ್ಮದಿ. ಮರುಕ್ಷಣ ಸಂದೇಹ. ಗೀಳು ರೋಗದ ಕ್ರೌರ್ಯವೇ ಇದು. ಪ್ರತಿ ಪರೀಕ್ಷೆಯೂ ಸಂದೇಹವನ್ನು ತಣಿಸುವಂತೆ ಕಂಡು ಅದನ್ನೇ ಬೆಳೆಸುತ್ತದೆ. 'ಸುಮ್ಮನೆ ಯೋಚಿಸುವುದನ್ನು ಬಿಡು' ಎಂದು ಉಪದೇಶಿಸುವ ಹಿರಿಯರಿಗೆ ಇದು ಅರ್ಥವಾಗುವುದು ಯಾವಾಗ?

ಗ್ರೀನ್‌ರ ಪ್ರಾಮಾಣಿಕತೆ ರೋಗಿಯ ಮೇಲಿನ ಕರುಣೆಗೆ ಸೀಮಿತವಾಗಿಲ್ಲ. ಅಜಾಳ ಗೆಳತಿ ಡೈಸಿ 'ಸ್ಟಾರ್ ವಾರ್ಸ್' ಚಿತ್ರಗಳ ಲೋಕವನ್ನು ಆಧರಿಸಿ ಕಥೆಗಳನ್ನು ಬರೆಯುವವಳು. ಆ ಕಥೆಗಳನ್ನು ಬಹಳ ತಡವಾಗಿ ಓದಿದ ಅಜಾಳಿಗೆ ಅಲ್ಲಿ ತನ್ನದೇ ಪಡಿಯಚ್ಚು ಕಾಣುತ್ತದೆ: ಸದಾ ಭಯಪಡುವ, ಎಲ್ಲರ ತಾಳ್ಮೆಗೆಡಿಸುವ ಒಂದು ಪಾತ್ರ. ಡೈಸಿ ದುಷ್ಟಳೇನಲ್ಲ, ದಣಿದವಳು. ರೋಗಿಯ ಜೊತೆ ಬದುಕುವವರ ಈ ದಣಿವನ್ನು ಎಷ್ಟು ಕಥೆಗಾರರು ಒಪ್ಪಿಕೊಂಡಿದ್ದಾರೆ? ಇಬ್ಬರ ಜಗಳದ ನಡುವೆಯೇ ಕಾರು ಅಪಘಾತವಾಗುತ್ತದೆ. ಆಸ್ಪತ್ರೆಯಲ್ಲಿ ರೋಗಾಣುಗಳ ಭೀತಿ ಮಿತಿಮೀರಿ ಅಜಾ ಕೈಗೆ ಹಚ್ಚುವ ಸೋಂಕುನಿವಾರಕವನ್ನೇ ನುಂಗುತ್ತಾಳೆ.

ಆ ಬಳಿಕ ಚಿಕಿತ್ಸೆ, ಔಷಧ, ನಿಧಾನವಾದ ಚೇತರಿಕೆ. ಪ್ರೇಮವೇನೋ ಇತ್ತು, ಆದರೆ ಅದು ಅವಳನ್ನು ಗುಣಪಡಿಸುವುದಿಲ್ಲ. ಹುಡುಗ ಊರು ಬಿಟ್ಟು ಹೋಗುತ್ತಾನೆ. ಕೊನೆಯ ಪುಟಗಳಲ್ಲಿ ಅಜಾ ತನ್ನ ಮುಂದಿನ ಬದುಕನ್ನು ಹೇಳುತ್ತಾಳೆ: ತಾನು ದೊಡ್ಡವಳಾಗುತ್ತೇನೆ, ತಾಯಿಯಾಗುತ್ತೇನೆ, ಮತ್ತೆ ಆಸ್ಪತ್ರೆ ಸೇರುತ್ತೇನೆ, ಸುಧಾರಿಸುತ್ತೇನೆ, ಮತ್ತೆ ಕಾಯಿಲೆ ಬೀಳುತ್ತೇನೆ. ಇದು ನಿರಾಶೆಯೆಂದು ಗೊಣಗುವವರಿದ್ದಾರೆ. ವಸ್ತುತಃ ಇದಕ್ಕಿಂತ ದೊಡ್ಡ ಭರವಸೆಯನ್ನು ಸುಳ್ಳು ಹೇಳದೆ ಕೊಡಲು ಸಾಧ್ಯವೇ? ಸಕ್ಕರೆ ಕಾಯಿಲೆಯವನು ವರ್ಷಾನುಗಟ್ಟಲೆ ಮಾತ್ರೆ ನುಂಗಿದರೆ ಯಾರೂ ಅವನನ್ನು ಸೋತವನೆನ್ನುವುದಿಲ್ಲ. ಎರಡನೆಯ ಬಾರಿ ಖಿನ್ನತೆಗೋ ಗೀಳಿಗೋ ಒಳಗಾದವನಿಗೆ ಮಾತ್ರ 'ಇನ್ನೂ ಸರಿಯಾಗಿಲ್ಲವೇ?' ಎಂಬ ಪ್ರಶ್ನೆ!

ಇಂಥ ಪುಸ್ತಕಗಳು ಮಕ್ಕಳ ತಲೆಗೆ ಇಲ್ಲದ ರೋಗವನ್ನು ತುಂಬುತ್ತವೆ ಎಂಬ ಆಕ್ಷೇಪವೂ ಇದೆ. ಇದನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಜೇ ಆಶರ್‌ರ 2007ರ ಕಾದಂಬರಿ 'ಥರ್ಟೀನ್ ರೀಸನ್ಸ್ ವೈ' 2017ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಯಾದಾಗ ವೈದ್ಯರು ಪ್ರತಿಭಟಿಸಿದರು. ಅಲ್ಲಿ ಹುಡುಗಿಯ ಆತ್ಮಹತ್ಯೆ ಬದುಕಿರುವವರ ಮೇಲೆ ತೀರಿಸಿಕೊಳ್ಳುವ ಸೇಡಿನಂತೆ ಕಾಣುತ್ತಿತ್ತು. ಆ ಸಾವಿನ ದೃಶ್ಯವನ್ನು ಕಂಪೆನಿ 2019ರ ಜುಲೈಯಲ್ಲಿ ತೆಗೆದುಹಾಕಿತು. ಸರಿಯಾದುದನ್ನೇ ಮಾಡಿತು, ಎರಡು ವರ್ಷ ತಡವಾಗಿ. ಆದರೆ ಸಾವಿಗೆ ಆಕರ್ಷಣೆ ತುಂಬುವ ಕಥೆಯನ್ನೂ ಚಿಕಿತ್ಸೆಯ ಕಡೆಗೆ ಕೈಹಿಡಿದು ನಡೆಸುವ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ವಿವೇಕ? ಗೀಳು ರೋಗ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಆಸುಪಾಸಿನಲ್ಲೇ. ಆ ವಯಸ್ಸಿನವರ ಕೈಗೆ ಸಿಗದಂತೆ ಅದರ ಕಥೆಯನ್ನು ಬಚ್ಚಿಟ್ಟರೆ ಉಳಿಯುವುದೇನು? ತನಗೊಬ್ಬಳಿಗೇ ಹೀಗಾಗುತ್ತಿದೆಯೆಂದು ನಂಬಿ ಬಾಗಿಲು ಹಾಕಿಕೊಂಡು ಕೂರುವ ಮಗಳು.

ಗ್ರೀನ್ ವಾಸಿಸುವ ಇಂಡಿಯಾನಾ ರಾಜ್ಯದಲ್ಲೇ 2023ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ಅವರ ಇನ್ನೊಂದು ಕಾದಂಬರಿ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಅನ್ನು ಹದಿಹರೆಯದವರ ಕಪಾಟಿನಿಂದ ವಯಸ್ಕರ ವಿಭಾಗಕ್ಕೆ ಸಾಗಿಸಿತು. ಕ್ಯಾನ್ಸರ್ ಪೀಡಿತ ಮಕ್ಕಳ ಕಥೆ ಅದು. ಕ್ಯಾನ್ಸರ್ ಏನು ವಯಸ್ಸು ಕೇಳಿ ಬರುತ್ತದೆಯೇ? ಲೇಖಕರು ಬಹಿರಂಗವಾಗಿ ಪ್ರತಿಭಟಿಸಿದರು, ಟೀಕೆಗಳು ಬಂದವು, ಆಡಳಿತ ಮಂಡಳಿ ಆ ನೀತಿಯನ್ನು ತಡೆಹಿಡಿಯಿತು. ನಾಳೆ ಅಜಾಳನ್ನೂ ಹಾಗೆಯೇ ಎತ್ತಿಡಬೇಕೆನ್ನುವ ಹಿರಿಯರಿದ್ದರೆ, ಮೊದಲು ಅವಳ ಕಥೆಯ ಕೊನೆಯ ಪುಟದವರೆಗೆ ಓದಿ ಬರಲಿ.