ಸಿರಾಜ್ ಮತ್ತು ಗುಡ್‌ವಿಲ್ ಲೆಕ್ಕ

2024ರ ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ ಆರ್‌ಟಿಎಂ ಇದ್ದರೂ ಆರ್‌ಸಿಬಿ ಮೊಹಮ್ಮದ್ ಸಿರಾಜ್ ಅವರನ್ನು ಉಳಿಸಿಕೊಳ್ಳಲಿಲ್ಲ. ಗುಜರಾತ್ ₹12.25 ಕೋಟಿಗೆ ಕೊಂಡಿತು. ನಮ್ಮವರು ಹ್ಯಾಝಲ್‌ವುಡ್‌ಗೆ ₹12.50 ಕೋಟಿ, ಭುವನೇಶ್ವರ್‌ಗೆ ₹10.75 ಕೋಟಿ ಕೊಟ್ಟರು. 2025ರ ಜೂನ್ 3ರಂದು ಕಪ್ ಬಂತು. ತಂಡದ ಲೆಕ್ಕ ಸರಿ, ಒಪ್ಪುತ್ತೇನೆ.

ಆದರೆ ಕಾಮರ್ಸ್‌ನವರಿಗೆ ಗೊತ್ತು: ಹಣ ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತದೆ, ತಾನಾಗಿ ಬೆಳೆದದ್ದು ಬರುವುದಿಲ್ಲ. ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ 2018ರಿಂದ ಏಳು ಸೀಸನ್ ಆಡಿ ಬೆಳೆಸಿದ್ದು ಅಂಥದ್ದು. ಅವರ ಉರ್ದು ಕೇಳಿದರೆ ನನಗೆ ನಮ್ಮ ಮನೆಯವರೇ ಮಾತಾಡಿದಂತಿರುತ್ತದೆ.

2025ರ ಏಪ್ರಿಲ್ 2ರಂದು ಅವರು ಚಿನ್ನಸ್ವಾಮಿಯಲ್ಲಿ ನಮ್ಮ ವಿರುದ್ಧವೇ 19 ರನ್‌ಗೆ 3 ವಿಕೆಟ್ ಪಡೆದರು. ಅದು ದ್ರೋಹವಲ್ಲ, ದುಡಿಮೆ. ಲೆಕ್ಕ ನೋಡುವುದು ತಂಡದ ಕೆಲಸ. ಋಣ ನೆನೆದು ಚಪ್ಪಾಳೆ ತಟ್ಟುವುದು ಅಭಿಮಾನಿಗಳಾದ ನಮ್ಮ ಕೆಲಸ.