ಗೌರವಸ್ಥ ಅಂದ್ರೆ ಯಾರು?

ಕಾನೂನು ಪುಸ್ತಕದಲ್ಲಿ ಒಂದು ಮಾತಿದೆ. ಪೊಲೀಸರು ಒಂದು ಜಾಗವನ್ನು ಶೋಧಿಸುವಾಗ ಆ ಜಾಗದ 'ಸ್ವತಂತ್ರ ಮತ್ತು ಗೌರವಸ್ಥ' ನಿವಾಸಿಗಳು ಇಬ್ಬರನ್ನಾದರೂ ಕರೆಯಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 100ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 103ನೇ ಕಲಮಾಗಿ ಹಾಗೇ ಕೂತಿದೆ. ಸ್ಥಳ ಮಹಜರಿಗೂ ಇದೇ ರೂಢಿ. ಇವರನ್ನೇ ಜನ ಪಂಚರು ಅಂತಾರೆ.

ನಾನು ಕೇಳೋದು ಇಷ್ಟೇ. ನಮ್ಮ ಮಾಡದಕೆರೆ ಹೋಬಳಿಯ ಹಳ್ಳಿಗೆ ಜೀಪು ಬಂದಾಗ ಈ ಗೌರವಸ್ಥ ಯಾರು?

ಜೀಪು ಕೇರಿ ತನಕ ಬರೋದಿಲ್ಲ. ಅರಳಿಕಟ್ಟೆ ಹತ್ರ ನಿಲ್ಲುತ್ತೆ. ಕಟ್ಟೆ ಮೇಲೆ ಕೂತಿದ್ದ ಇಬ್ಬರು ಎದ್ದು ಬರ್ತಾರೆ. ಅವರಿಗೆ ತೆಂಗಿನ ತೋಟ ಇದೆ, ಕೊಡೋಕೆ ಸಾಲ ಇದೆ. ಆದ್ದರಿಂದ ಅವರು ಗೌರವಸ್ಥರು. ಆ ತೋಟದಲ್ಲಿ ಕಾಯಿ ಕೆಡವೋನು, ಸುಲಿಯೋನು ಗೌರವಸ್ಥನಲ್ಲ. ಅವನು ಸ್ವತಂತ್ರನಂತೂ ಮೊದಲೇ ಅಲ್ಲ.

ನಮ್ಮ ಮನೆಯದೇ ಹೇಳ್ತೀನಿ. ಹೊಲದ ದಾರಿ ವಿಚಾರಕ್ಕೆ ನಮ್ಮ ಚಿಕ್ಕಪ್ಪನನ್ನು ತೆಂಗಿನ ಮಟ್ಟೆಯಲ್ಲಿ ಹೊಡೆದರು. ನೋಡಿದ್ದು ನಮ್ಮಪ್ಪ. ದೂರು ಆಯ್ತು, ದೌರ್ಜನ್ಯ ಕಾಯ್ದೆ ಹಾಕಿದರು. ಮಹಜರಿಗೆ ಪಂಚರಾಗಿ ಬಂದವರು ಮೇಲಿನ ಬೀದಿಯ ಇಬ್ಬರು. ಒಬ್ಬ ಹೊಡೆದವನ ಭಾವಮೈದ. ಮಟ್ಟೆ ಸಿಗಲಿಲ್ಲ, ರಕ್ತದ ಗುರುತೂ ಸಿಗಲಿಲ್ಲ. ಆ ಕಾಗದದಲ್ಲಿ ಏನಿದೆ ಅಂತ ನಮಗೆ ಯಾರೂ ಓದಿ ಹೇಳಲಿಲ್ಲ.

ಕೇಸು ಚಿತ್ರದುರ್ಗದ ಕೋರ್ಟಿಗೆ ಹೋಯ್ತು. ಅಪ್ಪನಿಗೆ ಸಮನ್ಸು ಬಂತು. ಹೊಸದುರ್ಗ, ಹೊಳಲ್ಕೆರೆ ದಾಟಿ ಬಸ್ಸಿನಲ್ಲಿ ಹೋದ. ಮೂರು ಸಲ ಮುಂದಕ್ಕೆ ಹಾಕಿದರು. ಮೂರು ದಿನದ ಕೂಲಿ ಹೋಯ್ತು. ನಾಲ್ಕನೇ ಸಲ ಅಪ್ಪ ಕಟಕಟೆಯಲ್ಲಿ ನಿಂತು, 'ನಾನು ಆವತ್ತು ಊರಲ್ಲೇ ಇರ್ಲಿಲ್ಲ ಸ್ವಾಮಿ' ಅಂದ. ಸರ್ಕಾರಿ ವಕೀಲರು 'ಈ ಸಾಕ್ಷಿ ಪ್ರತಿಕೂಲ' ಅಂದರು. ಕೇಸು ಬಿದ್ದು ಹೋಯ್ತು.

ಅಪ್ಪನ ಜೊತೆ ನಾನು ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಅವ್ವ ಹೇಳಿದ್ಲು. ತಾರೀಕಿನ ಹಿಂದಿನ ರಾತ್ರಿ ಮನೆಗೆ ಒಬ್ಬರು ಬಂದಿದ್ರಂತೆ. ಬೈಯಲಿಲ್ಲ, ಹೆದರಿಸಲಿಲ್ಲ. 'ಆ ಕೈಸಾಲ ಯಾವಾಗ ತೀರಿಸ್ತೀಯಪ್ಪ?' ಅಂತ ಮಾತ್ರ ಕೇಳಿದ್ರಂತೆ. ಆ ಸಾಲ ನನ್ನ ಬಿ.ಎ. ಓದಿಗೆ ಮಾಡಿದ್ದು.

ನನ್ನ ಡಿಗ್ರಿಯನ್ನೇ ಅಡ ಇಟ್ಟು ಅಪ್ಪನ ಬಾಯಿ ಕಟ್ಟಿದ್ದರು. ಕೋರ್ಟಿನ ದಾಖಲೆಯಲ್ಲಿ ಪ್ರತಿಕೂಲ ಆದವನು ಅಪ್ಪ. ಅಪ್ಪನಿಗೆ ಯಾರು ಯಾರು ಪ್ರತಿಕೂಲ ಆಗಿದ್ದರು ಅನ್ನೋದು ಯಾವ ದಾಖಲೆಯಲ್ಲೂ ಇಲ್ಲ.

ಹಾಸ್ಟೆಲಿನ ಕೆಲವು ಗೆಳೆಯರು 'ಕೋರ್ಟು ಜನರ ಕೈಗೆ ಬರಬೇಕು, ಬೇರೆ ದೇಶದಲ್ಲಿ ಇರೋ ಹಾಗೆ ಜೂರಿ ಬೇಕು' ಅಂತ ವಾದ ಮಾಡ್ತಾರೆ. ಜೂರಿ ಅಂದ್ರೆ ಸಾಮಾನ್ಯ ನಾಗರಿಕರೇ ಕೂತು ಅಪರಾಧಿಯೋ ಅಲ್ಲವೋ ಅಂತ ಹೇಳೋದು. ನಮ್ಮ ದೇಶದಲ್ಲೂ ಕೆಲವು ಕಡೆ ಇತ್ತು. 1959ರಲ್ಲಿ ಬೊಂಬಾಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ ಒಬ್ಬನನ್ನು ಗುಂಡಿಟ್ಟು ಕೊಂದಾಗ, ಜೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರಪರಾಧಿ ಅಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1974ರ ಏಪ್ರಿಲ್ 1ರಿಂದ ಜಾರಿಯಾದ ಸಂಹಿತೆಯಲ್ಲಿ ಜೂರಿಗೆ ಜಾಗವೇ ಇರಲಿಲ್ಲ.

ಜೂರಿ ವಾಪಸ್ ಬರಲಿ ಅನ್ನೋ ಗೆಳೆಯರು ಅಮೆರಿಕದ ಕಡೆ ಸ್ವಲ್ಪ ನೋಡಲಿ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದು ನದಿಗೆ ಎಸೆದರು. ಜೂರಿಯಲ್ಲಿ ಕೂತ ಹನ್ನೆರಡು ಜನರೂ ಬಿಳಿಯ ಗಂಡಸರು. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲೇ ನಿರಪರಾಧಿಗಳು ಅಂತ ಹೇಳಿ ಎದ್ದರು. ಮುಂದಿನ ವರ್ಷ ಆ ಇಬ್ಬರೂ ಕೊಂದದ್ದು ನಾವೇ ಅಂತ ಪತ್ರಿಕೆಯೊಂದಕ್ಕೆ ಹೇಳಿಕೊಂಡರು! ಅದೇ ಕೋರ್ಟಿನಲ್ಲಿ ಹುಡುಗನ ಅಜ್ಜನ ವರಸೆಯ ಮೋಸ್ ರೈಟ್ ಎದ್ದು ನಿಂತು, ಹುಡುಗನನ್ನು ಎಳಕೊಂಡು ಹೋದವರನ್ನು ಬೆರಳಿಟ್ಟು ತೋರಿಸಿದ್ದ. ಸಾಕ್ಷಿ ಹೇಳಿದ ಮೇಲೆ ಆ ಮುದುಕ ಊರು ಬಿಡಬೇಕಾಯ್ತು.

ಜೂರಿ ಹೋಯ್ತು ಅಂತ ಪುಸ್ತಕ ಹೇಳುತ್ತೆ. ನಾನು ಹೋಗಿಲ್ಲ ಅಂತೀನಿ. ನಮ್ಮೂರ ಜೂರಿ ಅರಳಿಕಟ್ಟೆ ಮೇಲೆ ಕೂತಿದೆ. ಮಹಜರಿಗೆ ಯಾರು ರುಜು ಹಾಕಬೇಕು, ಯಾರು ನೋಡಿರಬೇಕು, ಯಾರು ನೋಡಿರಬಾರದು ಎಲ್ಲ ಅಲ್ಲೇ ತೀರ್ಮಾನ. ನ್ಯಾಯಾಧೀಶರ ಮುಂದೆ ಹೋಗೋದು ಉಳಿದ ಕಾಗದ.

ಕಂಬಾಲಪಲ್ಲಿಯನ್ನು ನೆನಪು ಮಾಡಿಕೊಳ್ಳಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಸುಟ್ಟ ಮನೆ ಇತ್ತು. ಸುಟ್ಟವರು ಮಾತ್ರ ಯಾರೂ ಇರಲಿಲ್ಲ.

ಮರಕುಂಬಿಯನ್ನೂ ನೋಡಿ. ಗಂಗಾವತಿ ತಾಲ್ಲೂಕಿನ ಆ ಊರಲ್ಲಿ ಕ್ಷೌರದಂಗಡಿ, ಹೋಟೆಲಿಗೆ ಬಿಟ್ಟುಕೊಳ್ಳದ ಜಗಳದ ಹಿನ್ನೆಲೆಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲು ಸುಟ್ಟರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಮೇಲ್ಮನವಿ ಹೋಯ್ತು, ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಆದರೂ ಒಂದು ಮಾತು ಉಳಿಯಿತು. ಹತ್ತು ವರ್ಷ ಆದರೂ ಸಾಕ್ಷಿ ಹೇಳಬಹುದು. ಸಾಕ್ಷಿ ಹೇಳಿದರೆ ಶಿಕ್ಷೆ ಆಗಬಹುದು. ಕಾಯ್ದೆ ಪ್ರಕಾರ ಇಂಥ ಕೇಸು ಆದಷ್ಟು ಮಟ್ಟಿಗೆ ಎರಡು ತಿಂಗಳಲ್ಲಿ ಮುಗಿಯಬೇಕು. ಆ ಹತ್ತು ವರ್ಷ ಅದೇ ಊರಲ್ಲಿ ಅದೇ ಜನರ ನಡುವೆ ಬದುಕಿದವರ ಗುಂಡಿಗೆ ಎಂಥದ್ದು, ಯೋಚನೆ ಮಾಡಿ.

ಆದ್ದರಿಂದ ನಾವು ಮಾಡೋ ಕೆಲಸ ಇದೆ. ಭಾಷಣದ ಕೆಲಸ ಅಲ್ಲ, ಬಸ್ಸು ಹತ್ತುವ ಕೆಲಸ.

ಕೇರಿಯಲ್ಲಿ ಓದಿದವರು ಪಂಚರಾಗಲು ಮುಂದೆ ಬರಬೇಕು. 'ನಾವೂ ಇದೇ ಊರಿನವರು ಸಾರ್, ನಾವೂ ಗೌರವಸ್ಥರು' ಅಂತ ಹೇಳಬೇಕು. ಓದದೆ ರುಜು ಹಾಕಬಾರದು. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬಾರದು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ರುಜು ಬೇಕಿಲ್ಲ, ಕಾನೂನೇ ಬೇಡ ಅಂತ ಹೇಳುತ್ತೆ. ಎಫ್.ಐ.ಆರ್. ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಶೋಧ, ಜಪ್ತಿಯನ್ನು ಈಗ ವಿಡಿಯೋ ಮಾಡಲೇಬೇಕು. ದೌರ್ಜನ್ಯ ಕೇಸನ್ನು ಡಿ.ವೈ.ಎಸ್.ಪಿ. ದರ್ಜೆಗೆ ಕಮ್ಮಿ ಇಲ್ಲದವರೇ ತನಿಖೆ ಮಾಡಬೇಕು.

ಇನ್ನೊಂದು ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮ ಮಾಡಿದರು. ಅದರ 11ನೇ ನಿಯಮದ ಪ್ರಕಾರ ಸಾಕ್ಷಿಗೆ ಬಸ್ ಚಾರ್ಜು ಕೊಡಬೇಕು. ಆ ದಿನದ ಭತ್ಯೆ ಕೃಷಿ ಕೂಲಿಯ ಕನಿಷ್ಠ ದರಕ್ಕೆ ಕಮ್ಮಿ ಇರಬಾರದು. ಸಾಕ್ಷಿ ಹೆಂಗಸಾದರೆ, ಅರವತ್ತು ದಾಟಿದವರಾದರೆ, ತಾವೇ ಆರಿಸಿದ ಒಬ್ಬರನ್ನು ಜೊತೆಗೆ ಕರಕೊಂಡು ಹೋಗಬಹುದು. ಜೊತೆಗೆ ಹೋದವರ ಖರ್ಚೂ ಸರ್ಕಾರದ್ದೇ. ಸಾಕ್ಷಿಗೆ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಅಂತ 2015ರ ತಿದ್ದುಪಡಿಯಲ್ಲಿ ಕಾಯ್ದೆಗೇ ಸೇರಿದೆ.

ನಮ್ಮಪ್ಪನಿಗೆ ಅರವತ್ತೊಂದು ವರ್ಷ ಆಗಿತ್ತು. ನಾನು ಜೊತೆಗೆ ಹೋಗಬಹುದಿತ್ತು. ಬಿ.ಎ. ಓದಿದ ನನಗೆ ಇದು ಗೊತ್ತಿರಲಿಲ್ಲ. ಆ ದಿನ ನಾನು ರೂಮಲ್ಲಿ ಕೂತು ಅನ್ಯಾಯದ ಮೇಲೆ ಪದ್ಯ ಬರೀತಿದ್ದೆ.

ಹಾಸ್ಟೆಲಿನ ಗೆಳೆಯರೇ, ಈ ಸಲ ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಮೊದಲು ಕೇಳಿ: ಯಾರ ಕೇಸು ಯಾವ ತಾರೀಕಿಗೆ ಇದೆ? ಆ ತಾರೀಕು ಬರೆದುಕೊಳ್ಳಿ. ಆವತ್ತು ಬೆಳಿಗ್ಗೆ ಅವರ ಜೊತೆ ಬಸ್ಸು ಹತ್ತಿ.